ನಿಷೇಧ ಪೋಷಕರ ಆಯ್ಕೆಯಲ್ಲ

ಶಾಲೆಗಳಲ್ಲಿ ಲೈಂಗಿಕ ಶಿಕ್ಷಣದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಚರ್ಚೆ ಎರಡು ತುದಿಗಳಿಗೆ ಸರಿದುಬಿಡುತ್ತದೆ. ಎಲ್ಲರಿಗೂ ಕಡ್ಡಾಯವಾಗಲಿ ಎಂಬುದು ಒಂದು ವಾದ. ಸಂಸ್ಕೃತಿಗೆ ಒಗ್ಗದ ಈ ಪಾಠವೇ ಬೇಡ ಎಂಬುದು ಇನ್ನೊಂದು. ಎರಡೂ ಬಣಗಳು ಪೋಷಕರ ಪರವಾಗಿ ಮಾತನಾಡುತ್ತವೆ. ಪೋಷಕರನ್ನು ಕೇಳುವವರು ಮಾತ್ರ ವಿರಳ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಈ ಶಿಕ್ಷಣ ಒಂಬತ್ತನೇ ತರಗತಿಯವರೆಗೆ ಕಾಯದೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಆರಂಭವಾಗಬೇಕು ಎಂದು ಅಭಿಪ್ರಾಯಪಟ್ಟಿತು. ಹಾಗಾಗಿ ಪೋಷಕರ ಆಯ್ಕೆ ಎಂದರೇನು ಎಂಬುದನ್ನು ಈಗಲಾದರೂ ಸ್ಪಷ್ಟಪಡಿಸಿಕೊಳ್ಳುವುದು ಒಳಿತು.

2007ರ ಅನುಭವ ನಮ್ಮ ಮುಂದಿದೆ. ಕೇಂದ್ರ ಸರ್ಕಾರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಅಂದು ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಮೊದಲಾದ ರಾಜ್ಯಗಳೊಂದಿಗೆ ಕರ್ನಾಟಕವೂ ತಡೆಹಿಡಿಯಿತು. ಶಿಕ್ಷಕರ ಕೈಪಿಡಿಯಲ್ಲಿದ್ದ ಚಿತ್ರಗಳಿಗೆ ಬಂದ ಆಕ್ಷೇಪಗಳೆಲ್ಲವೂ ನಿರಾಧಾರವಾಗಿರಲಿಲ್ಲ. ಆದರೆ ತಿದ್ದಬಹುದಾದ ಕೈಪಿಡಿಗಾಗಿ ಕಾರ್ಯಕ್ರಮವನ್ನೇ ಕೈಬಿಟ್ಟಾಗ, ಬೇಡವೆಂದ ಪೋಷಕರ ಮಾತು ನಡೆಯಿತು. ಬೇಕೆಂದ ಪೋಷಕರ ಹಕ್ಕು ಸದ್ದಿಲ್ಲದೆ ಕಸಿದುಹೋಯಿತು. ಅದು ಆಯ್ಕೆಯಲ್ಲ, ಆಯ್ಕೆಯ ನಿರಾಕರಣೆ. ಕಡತಗಳ ನಡುವೆ ದಶಕಗಳನ್ನು ಕಳೆದ ನಾನು ಕಂಡುಕೊಂಡದ್ದಿಷ್ಟು: ಆಡಳಿತಕ್ಕೆ ನಿಷೇಧದಷ್ಟು ಸುಲಭದ ನಿರ್ಧಾರ ಮತ್ತೊಂದಿಲ್ಲ. ಅದಕ್ಕೆ ಅನುದಾನ ಬೇಡ, ತರಬೇತಿ ಬೇಡ. ಒಂದು ಸುತ್ತೋಲೆ ಸಾಕು.

ಅದೇ 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಅಧ್ಯಯನವೊಂದು ಪ್ರಕಟವಾಯಿತು. 13 ರಾಜ್ಯಗಳ 12,447 ಮಕ್ಕಳ ಪೈಕಿ ಶೇ 53ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ತಿಳಿಸಿದ್ದರು. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಅದರ ವಿಶ್ವಾಸಕ್ಕೆ ಪಾತ್ರರಾದವರು. ಬಹುತೇಕ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ಪರಿಚಿತ ತೊಡಕು ಕಾಣುತ್ತದೆ. ಸಾಮಾನ್ಯವಾಗಿ ಆಯ್ಕೆ ಮಾಡುವವನೇ ಅದರ ಫಲವನ್ನೂ ಉಣ್ಣುತ್ತಾನೆ. ಇಲ್ಲಿ ಆಯ್ಕೆ ತಂದೆತಾಯಿಯದು, ಪರಿಣಾಮ ಮಗುವಿನದು. ಬಹುಪಾಲು ತಂದೆತಾಯಿಗಳು ಮಗುವಿನ ಹಿತವನ್ನೇ ಬಯಸುತ್ತಾರೆ, ನಿಜ. ಆದರೆ ಅಪಾಯ ಮನೆಯ ಆಸುಪಾಸಿನಲ್ಲೇ ಇದ್ದಾಗ ಅದನ್ನು ಗುರುತಿಸುವ, ಬೇಡ ಎನ್ನುವ, ದೂರು ಹೇಳುವ ತಿಳಿವಳಿಕೆ ಮನೆಯ ಅನುಮತಿಗೆ ಕಾಯುವಂತಾಗಬಾರದು.

ಹಾಗೆಂದು ಪೋಷಕರನ್ನು ಬದಿಗೆ ಸರಿಸಬೇಕೆಂದಲ್ಲ. 1976ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಡೆನ್ಮಾರ್ಕಿನ ಪೋಷಕರ ಮೊಕದ್ದಮೆಯಲ್ಲಿ ಒಂದು ಗೆರೆ ಎಳೆಯಿತು: ಶಾಲೆ ಮಾಹಿತಿಯನ್ನು ವಸ್ತುನಿಷ್ಠವಾಗಿ ಕಲಿಸಬಹುದು, ಪೋಷಕರ ನಂಬಿಕೆಗಳನ್ನು ಗೌರವಿಸದೆ ಮತಬೋಧನೆಗೆ ಇಳಿಯುವಂತಿಲ್ಲ. ಇಂಗ್ಲೆಂಡಿನಲ್ಲಿ 2020ರಿಂದ ಜಾರಿಯಲ್ಲಿರುವ ವ್ಯವಸ್ಥೆ ಈ ಗೆರೆಯನ್ನು ಶಾಲೆಯ ದಿನಚರಿಗೇ ತಂದಿದೆ. ಸಂಬಂಧಗಳು ಮತ್ತು ಸುರಕ್ಷತೆಯ ಪಾಠದಿಂದಾಗಲಿ ವಿಜ್ಞಾನದ ಪಾಠದಿಂದಾಗಲಿ ಮಗುವನ್ನು ಹೊರಗಿಡುವಂತಿಲ್ಲ. ಲೈಂಗಿಕ ಶಿಕ್ಷಣದ ಭಾಗದಿಂದ ಹೊರಗಿಡುವಂತೆ ಪೋಷಕರು ಕೋರಬಹುದು. ಆದರೆ 16 ತುಂಬಲು ಮೂರು ಶಾಲಾ ಅವಧಿಗಳು ಬಾಕಿ ಇರುವಾಗಿನಿಂದ, ಕಲಿಯಲು ಬಯಸುವ ವಿದ್ಯಾರ್ಥಿಗೆ ಶಾಲೆ ಅವಕಾಶ ಒದಗಿಸಬೇಕು. ಅಲ್ಲಿ ಪ್ರತಿಭಟನೆಗಳು ನಡೆಯಲಿಲ್ಲವೆಂದಲ್ಲ. 2019ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಶಾಲೆಗಳ ಮುಂದೆ ಪೋಷಕರೇ ನಿಂತಿದ್ದರು. ಆದರೂ ಯಾರ ಹಕ್ಕು ಎಲ್ಲಿಯವರೆಗೆ ಎಂಬುದು ಅಲ್ಲಿ ಬರಹದಲ್ಲಿದೆ.

ನಮ್ಮಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರ ಸಮ್ಮತಿಗೆ ಕಾನೂನಿನ ಮಾನ್ಯತೆ ಇಲ್ಲ. ಕಾನೂನು ತಿಳಿಯದು ಎಂಬುದು ನ್ಯಾಯಾಲಯದಲ್ಲಿ ಸಬೂಬಾಗದು. 2022ರ ನವೆಂಬರ್‌ನಲ್ಲಿ ರಾಜ್ಯ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೇ ತರಗತಿಯಿಂದಲಾದರೂ ಮಕ್ಕಳಿಗೆ ಈ ಕಾಯ್ದೆಯ ಅರಿವು ಮೂಡಿಸುವಂತೆ ಶಿಕ್ಷಣ ಇಲಾಖೆಗೆ ಸೂಚಿಸಿದ್ದು ಈ ಹಿನ್ನೆಲೆಯಲ್ಲೇ. ಶಿಕ್ಷೆ ವಿಧಿಸುವ ಪ್ರಭುತ್ವಕ್ಕೆ ಮೊದಲು ತಿಳಿಸಿ ಹೇಳುವ ಹೊಣೆಯೂ ಇದೆ.

ಆಗಬೇಕಾದುದು ದೊಡ್ಡದೇನಲ್ಲ. ಪಠ್ಯವನ್ನು ಕನ್ನಡದಲ್ಲಿ ಮುದ್ರಿಸಿ, ತರಗತಿಗೆ ಹೋಗುವ ಮೊದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪೋಷಕರ ಮುಂದಿಡಬೇಕು. ಸುರಕ್ಷತೆ, ದೇಹದ ಬೆಳವಣಿಗೆ ಮತ್ತು ಕಾನೂನು ಎಲ್ಲ ಮಕ್ಕಳಿಗೂ ಇರಲಿ; ಉಳಿದ ಭಾಗದಲ್ಲಿ ಪೋಷಕರು ಲಿಖಿತವಾಗಿ ವಿನಾಯಿತಿ ಕೋರಲಿ. ಹದಿನಾರರ ಹೊಸ್ತಿಲಲ್ಲಿರುವ ಮಗುವಿನ ಮಾತಿಗೂ ಬೆಲೆಯಿರಲಿ. ಪಾಠ ಮಾಡಬೇಕಾದ ಶಿಕ್ಷಕರಿಗೆ ಸಂಕೋಚ ಕಳೆಯುವಷ್ಟು ತರಬೇತಿ ಸಿಗಲಿ. ಇಲ್ಲವಾದರೆ ಸಂತಾನೋತ್ಪತ್ತಿಯ ಅಧ್ಯಾಯವನ್ನು ‘ಮನೆಯಲ್ಲೇ ಓದಿಕೊಳ್ಳಿ’ ಎಂದು ದಾಟಿಸುವ ರೂಢಿಯೇ ಮುಂದುವರಿಯುತ್ತದೆ.

ಮೊಬೈಲ್ ಫೋನ್ ಯಾವ ಪೋಷಕರ ಅನುಮತಿಯನ್ನೂ ಕೇಳದೆ ಮಕ್ಕಳಿಗೆ ಪಾಠ ಹೇಳುತ್ತಿದೆ. ಅದರ ಪಠ್ಯವನ್ನು ತಿದ್ದುವ ಅವಕಾಶ ನಮಗಿಲ್ಲ. ಶಾಲೆಯ ಪಠ್ಯದಲ್ಲಿ ಮಾತ್ರ ಆ ಅವಕಾಶ ಇನ್ನೂ ಉಳಿದಿದೆ.