ಮನೆವಾರ್ತೆ: ಗುರುತು ಸಿಗದ ಪೆನ್ ಡ್ರೈವು

ನಮ್ಮ ಸೋದರತ್ತೆಯವರು ಮದುವೆಯ ಮನೆಗಳಲ್ಲಿ ಹೇಳುತ್ತಿದ್ದ ಹಸೆಯ ಹಾಡುಗಳನ್ನು 2014ನೆಯ ಇಸವಿಯಲ್ಲಿ, ಅವರಿನ್ನೂ ಗಟ್ಟಿಮುಟ್ಟಾಗಿದ್ದಾಗ, ನಾವು ಅವರ ಮುಂದೆ ಮೊಬೈಲನ್ನಿಟ್ಟು ಧ್ವನಿಮುದ್ರಣ ಮಾಡಿಕೊಂಡಿದ್ದೆವು. ಒಟ್ಟು 23 ಹಾಡುಗಳು. ಅವನ್ನು ಒಂದು ಪೆನ್ ಡ್ರೈವಿಗೆ ಇಳಿಸಿ, ಒಡವೆಯ ಕರಡಿಗೆಯಲ್ಲಿಟ್ಟು ನಿಶ್ಚಿಂತರಾದೆವು. ಕಾಲಕ್ರಮದಲ್ಲಿ ಆ ಮೊಬೈಲು ಕೆಟ್ಟುಹೋಯಿತು, ಅತ್ತೆಯವರೂ ತೀರಿಕೊಂಡರು. ಈಚೆಗೆ ನಮ್ಮ ಮನೆಯ ಹುಡುಗಿಗೆ ಮದುವೆ ನಿಶ್ಚಯವಾಗಲು, ಹಸೆಗೆ ಕರೆಯುವಾಗ ಅತ್ತೆಯವರ ಕಂಠವೇ ಕೇಳಿಸಬೇಕೆಂದು ಎಲ್ಲರೂ ಆಶೆಪಟ್ಟರು. ಪೆನ್ ಡ್ರೈವನ್ನು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ, ಅದು ಏನೂ ಬಂದಿಲ್ಲವೆಂಬಂತೆ ಸುಮ್ಮನೆ ಕುಳಿತಿತು.

ಇಂತಹ ಸಂಕಟವು ಇಂದು ಅನೇಕ ಸಂಸಾರಗಳಲ್ಲಿ ಒದಗುತ್ತಿರುವುದಾದ್ದರಿಂದ, ಅದರ ಪರಿಹಾರಕ್ರಮವನ್ನು ನಮಗೆ ತಿಳಿದಮಟ್ಟಿಗೆ ಈ ಸಲ ವಾಚಕರಿಗೆ ಅರಿಕೆ ಮಾಡಿಕೊಳ್ಳುವೆವು.

ಮೊದಲು ಈ ಏರ್ಪಾಡಿನ ಮರ್ಮವನ್ನು ತಿಳಿಯತಕ್ಕದ್ದು. ಹಿಂದೆ ಗಣಕಯಂತ್ರದಲ್ಲಿ ಮುದ್ರಣಯಂತ್ರಕ್ಕೊಂದು, ಮೌಸಿಗೊಂದು, ಹೀಗೆ ಬೇರೆಬೇರೆ ಕಿಂಡಿಗಳಿದ್ದವು. ಎಲ್ಲಕ್ಕೂ ಒಂದೇ ಕಿಂಡಿ ಸಾಲುವಂತೆ ಮಾಡಿದ ಯು.ಎಸ್.ಬಿ. ಪದ್ಧತಿಯ ಮೊದಲ ನಿಯಮಾವಳಿಯು 1996ರಲ್ಲಿ ಪ್ರಕಟವಾಯಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ, ಇಂಟೆಲ್ ಸಂಸ್ಥೆಯಲ್ಲಿದ್ದ ಅಜಯ್ ಭಟ್ಟರು ಬರೋಡೆಯಲ್ಲಿ ವ್ಯಾಸಂಗ ಮಾಡಿದವರೆಂಬುದು ನಮ್ಮ ದೇಶದವರಿಗೆ ಸಂತೋಷದ ಸಂಗತಿ. ಸಾಮಾನ್ಯವಾದ ಕಿಂಡಿಯೊಳಗೆ ನಾಲ್ಕು ಲೋಹದ ಪಟ್ಟಿಗಳಿರುವುವು. ಎರಡು ಪಟ್ಟಿಗಳು 5 ವೋಲ್ಟಿನ ವಿದ್ಯುತ್ತನ್ನು ಒದಗಿಸುವುವು. ಉಳಿದೆರಡು ಮಾತುಕತೆಗೆ ಮೀಸಲು.

ನೆಂಟರು ಬಂದಾಗ ನಾವೇನು ಮಾಡುವೆವು? ಬಾಗಿಲು ತೆರೆದು, ಯಾರೆಂದು ವಿಚಾರಿಸಿ, ಒಳಕ್ಕೆ ಕರೆದು, ಮಣೆ ಹಾಕುವೆವು. ಗಣಕಯಂತ್ರವೂ ಅಂತೆಯೇ ಮೊದಲು ವಿದ್ಯುತ್ತನ್ನು ಕೊಡುವುದು. ಬಳಿಕ ‘ನೀನು ಯಾರು?’ ಎಂದು ವಿಚಾರಿಸುವುದು. ಉತ್ತರ ಬಂದಮೇಲೆ ತಕ್ಕ ಡ್ರೈವರ್ ಎಂಬ ತಂತ್ರಾಂಶವನ್ನು ಜೊತೆಗೂಡಿಸುವುದು. ಕಡೆಗೆ ಒಳಗಿರುವ ಕಡತಗಳ ಅನುಕ್ರಮಣಿಕೆಯನ್ನು ಓದಿ, ‘ಇ’ ಎಂದೋ ‘ಎಫ್’ ಎಂದೋ ಒಂದು ಅಕ್ಷರವನ್ನಿತ್ತು ಕೂರಿಸುವುದು. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ನಮ್ಮ ಕಣ್ಣಿಗೆ ‘ಗುರುತಿಸುತ್ತಿಲ್ಲ’ ಎಂಬುದೊಂದೇ ತೋರುವುದು. ಆದಕಾರಣ ಎಲ್ಲಿ ತಪ್ಪಿತೆಂಬುದನ್ನು ಕಂಡುಕೊಳ್ಳದೆ ಮದ್ದು ಮಾಡಹೊರಡುವುದು ಸರಿಯಲ್ಲ.

ಮೊದಲನೆಯದು ಬಾಗಿಲಿನ ಪರೀಕ್ಷೆ. ಪೆನ್ ಡ್ರೈವನ್ನು ಲ್ಯಾಪ್‌ಟಾಪಿನ ಮತ್ತೊಂದು ಕಿಂಡಿಗೆ ಸಿಕ್ಕಿಸಿ ನೋಡಿರಿ; ಹಾಗೆಯೇ ಸರಿಯಾಗಿರುವ ಮೌಸನ್ನು ಮೊದಲಿನ ಕಿಂಡಿಗೆ ಸಿಕ್ಕಿಸಿರಿ. ಮೌಸೂ ಅಲ್ಲಿ ಅಲುಗದಿದ್ದರೆ ದೋಷವು ಕಿಂಡಿಯ ಕಡೆಯದು. ಮೌಸು ನಡೆದು ಡ್ರೈವು ಮಾತ್ರ ಎಲ್ಲಿಯೂ ನಡೆಯದಿದ್ದರೆ ದೋಷವು ಬಹುಮಟ್ಟಿಗೆ ಡ್ರೈವಿನದು. ನಡುವೆ ಹಬ್ಬು ಇದ್ದರೆ ಅದನ್ನು ತೆಗೆದು ನೇರವಾಗಿ ಸಿಕ್ಕಿಸತಕ್ಕದ್ದು. ನಮ್ಮ ಲ್ಯಾಪ್‌ಟಾಪಿನ ಎಡಗಡೆಯ ಕಿಂಡಿಯಲ್ಲಿ ಮೌಸೂ ನಡೆಯಲಿಲ್ಲ. ಬ್ಯಾಟರಿದೀಪ ಹಿಡಿದು ನೋಡಿದರೆ, ಒಳಗೆ ಬಟ್ಟೆಯ ಜುಂಗು ಗಟ್ಟಿಯಾಗಿ ಕೂತಿತ್ತು. ಯಂತ್ರವನ್ನು ಪೂರ್ಣವಾಗಿ ಆರಿಸಿ, ಚಾರ್ಜರನ್ನು ಕಿತ್ತು, ಒಣಗಿದ ಮೆತ್ತನೆಯ ಕುಂಚದಿಂದ ಅದನ್ನು ತೆಗೆದೆವು. ಗುಂಡುಸೂಜಿ, ಹೇರ್‌ಪಿನ್ನು ಮುಂತಾದ ಲೋಹದ ವಸ್ತುಗಳನ್ನು ಅದರೊಳಗೆ ಹಾಕಲೇಕೂಡದು. ಬಾಯಿಂದ ಊದಲೂ ಕೂಡದು, ಉಸಿರಿನಲ್ಲಿ ತೇವವುಂಟು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ತೇವದಿಂದ ಪಟ್ಟಿಗಳಿಗೆ ಕಿಲುಬು ಹಿಡಿಯುವುದುಂಟು. ಆ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಎರಡನೆಯದು ವಿಚಾರಣೆಯ ತಡೆ. ಅನೇಕ ವೇಳೆ ಯಂತ್ರವನ್ನು ಒಮ್ಮೆ ‘ರೀಸ್ಟಾರ್ಟ್’ ಮಾಡಿದಮಾತ್ರದಿಂದಲೇ ಇದು ಸರಿಹೋಗುವುದು. ಈಚಿನ ವಿಂಡೋಸ್‌ನಲ್ಲಿ ‘ಷಟ್ ಡೌನ್’ ಮಾಡಿದರೆ, ಬೇಗನೆ ಏಳುವ ಸಲುವಾಗಿ ಹಳೆಯ ಸ್ಥಿತಿಯ ಒಂದು ಭಾಗವು ಉಳಿದುಕೊಳ್ಳುವುದುಂಟು. ರೀಸ್ಟಾರ್ಟ್ ಮಾಡಿದರೆ ಉಳಿಯದು. ಅದರಿಂದಲೂ ಆಗದಿದ್ದರೆ, ಯಂತ್ರವನ್ನು ಆರಿಸಿ, ಚಾರ್ಜರನ್ನೂ, ತೆಗೆಯಬರುವಂತಿದ್ದರೆ ಬ್ಯಾಟರಿಯನ್ನೂ ತೆಗೆದು, ವಿದ್ಯುತ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಬಳಿಕ ಮರಳಿ ಹೊತ್ತಿಸತಕ್ಕದ್ದು.

ಮೂರನೆಯದು ತಂತ್ರಾಂಶದ ದೋಷ. ಸ್ಟಾರ್ಟ್ ಗುರುತಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿದರೆ ಬರುವ ಪಟ್ಟಿಯಲ್ಲಿ ‘ಡಿವೈಸ್ ಮ್ಯಾನೇಜರ್’ ಎಂಬುದಿದೆ. ಅದರಲ್ಲಿ ಯಾವ ಸಾಧನದ ಪಕ್ಕದಲ್ಲಿ ಹಳದಿಯ ತ್ರಿಕೋನವು ಕಾಣುವುದೋ ಅದೊಂದನ್ನು ಮಾತ್ರ ‘ಅನ್‌ಇನ್‌ಸ್ಟಾಲ್’ ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ, ವಿಂಡೋಸ್ ತಾನಾಗಿಯೇ ಅದನ್ನು ಹೊಸದಾಗಿ ಜೋಡಿಸಿಕೊಳ್ಳುವುದು. ಆತುರಪಟ್ಟು ಎಲ್ಲವನ್ನೂ ಒಮ್ಮೆಗೇ ತೆಗೆದರೆ ಮೌಸೂ ಕೀಲಿಮಣೆಯೂ ಸ್ತಬ್ಧವಾದೀತು, ಎಚ್ಚರಿಕೆ. ಬ್ಯಾಟರಿಯನ್ನು ಉಳಿಸುವುದಕ್ಕಾಗಿ ಯಂತ್ರವು ಕಿಂಡಿಗಳನ್ನು ಮಲಗಿಸುವುದೂ ಉಂಟು, ‘ಯು.ಎಸ್.ಬಿ. ರೂಟ್ ಹಬ್’ ಎಂಬುದರ ‘ಪವರ್ ಮ್ಯಾನೇಜ್‌ಮೆಂಟ್’ ಪುಟವಿದ್ದರೆ, ಅದರಲ್ಲಿ ಈ ಅನುಮತಿಯ ಗುರುತನ್ನು ತೆಗೆದುಹಾಕಬಹುದು.

ನಾಲ್ಕನೆಯದು ಮಣೆ ಸಿಗದ ನೆಂಟನ ಅವಸ್ಥೆ. ಅದೇ ಪಟ್ಟಿಯಲ್ಲಿರುವ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದನ್ನು ತೆರೆದರೆ ಡ್ರೈವು ಅಲ್ಲಿ ಕಾಣುವುದು, ಆದರೆ ಅದಕ್ಕೆ ಅಕ್ಷರವಿಲ್ಲದಿರಬಹುದು. ಅಕ್ಷರವೊಂದನ್ನು ಕೊಟ್ಟರೆ ಕೂಡಲೇ ತೆರೆದೀತು. ಅಲ್ಲಿ ‘ನೋ ಮೀಡಿಯಾ’ ಎಂದು ಬರೆದಿದ್ದರೆ ಡ್ರೈವಿನ ಒಳಗಿನ ಭಾಗವೇ ಕೆಟ್ಟಿರುವ ಸಂಭವ ಹೆಚ್ಚು. ಒಳಗಿನ ಸರಕು ಬೆಲೆಯುಳ್ಳದ್ದಾದರೆ ಮತ್ತೆಮತ್ತೆ ಸಿಕ್ಕಿಸಿ ಕೀಳದೆ ನುರಿತವರ ಕೈಗೆ ಒಪ್ಪಿಸುವುದೇ ಮೇಲು.

ಇನ್ನು ನಮ್ಮ ಕಥೆಗೆ ಬರೋಣ. ಬಲಗಡೆಯ ಕಿಂಡಿಗೆ ಸಿಕ್ಕಿಸಲು ಡ್ರೈವಿನ ದೀಪವು ಹೊತ್ತಿತು. ಎಲ್ಲರೂ ಹಿಗ್ಗಿದೆವು. ಅಷ್ಟರಲ್ಲಿ ಪರದೆಯ ಮೇಲೆ, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆಯೊಂದು ಬಂದಿತು. ನಮ್ಮ ತಮ್ಮನ ಮಗನು, “ಫಾರ್ಮ್ಯಾಟ್ ಮಾಡು ಎನ್ನುತ್ತಿದೆ ದೊಡ್ಡಪ್ಪ, ಒತ್ತಿಬಿಡಲೇ?” ಎಂದು ಬೆರಳನ್ನು ಗುಂಡಿಯ ಮೇಲಿಟ್ಟನು. “ಬೇಡ ಮಗು, ಕೈ ತೆಗೆ” ಎಂದು ನಾವು ಕೂಗಿದ ರಭಸಕ್ಕೆ ಅಡಿಗೆಮನೆಯಲ್ಲಿದ್ದವರೂ ಹೊರಗೆ ಬಂದರು.

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡಬೇಕಾದರೆ ವಾಚಕರು ಇದನ್ನೇ ಇಟ್ಟುಕೊಳ್ಳಲಿ. ಆ ಸೂಚನೆಯ ಅರ್ಥವು ‘ಒಳಗೆ ಏನೂ ಇಲ್ಲ’ ಎಂದಲ್ಲ. ‘ಅನುಕ್ರಮಣಿಕೆಯನ್ನು ಓದಲು ನನ್ನಿಂದಾಗದು’ ಎಂದಿಷ್ಟೇ. ಪುಸ್ತಕದ ವಿಷಯಸೂಚಿಯ ಹಾಳೆ ಹರಿದರೆ ಒಳಗಿನ ಅಧ್ಯಾಯಗಳು ಅಳಿಯವಷ್ಟೆ. ಫಾರ್ಮ್ಯಾಟ್ ಮಾಡಿದರೆ ಹಳೆಯದರ ಮೇಲೆ ಹೊಸ ಸೂಚಿಯು ಬರೆಯಲ್ಪಡುವುದು. ಪೂರ್ಣ ಫಾರ್ಮ್ಯಾಟ್ ಆದರಂತೂ ಅಧ್ಯಾಯಗಳೂ ಅಳಿದುಹೋಗುವುವು. ಅಂತಹ ಸಮಯದಲ್ಲಿ ‘ಕ್ಯಾನ್ಸಲ್’ ಒತ್ತತಕ್ಕದ್ದು. ಆ ಡ್ರೈವಿಗೆ ಹೊಸದೇನನ್ನೂ ಬರೆಯಕೂಡದು.

ಆಮೇಲೆ ‘ಫೋಟೋರೆಕ್’ ಎಂಬ, ಹಣ ಕೊಡದೆ ದೊರೆಯುವ ತಂತ್ರಾಂಶವನ್ನು ಲ್ಯಾಪ್‌ಟಾಪಿನಲ್ಲಿಯೇ ಸ್ಥಾಪಿಸಿ, ಸಿಕ್ಕಿದ ಕಡತಗಳನ್ನೆಲ್ಲಾ ಪೆನ್ ಡ್ರೈವಿಗಲ್ಲದೆ ಲ್ಯಾಪ್‌ಟಾಪಿಗೇ ಇಳಿಸಿದೆವು. 19 ಹಾಡುಗಳು ಬಂದವು. ಆದರೆ ಹೆಸರುಗಳಿಲ್ಲದೆ ಬಂದವು. ಅಂದಿನ ರಾತ್ರಿ ಮನೆಯವರೆಲ್ಲಾ ಕುಳಿತು ಒಂದೊಂದನ್ನೇ ಕೇಳಿ, ಇದು ಎಣ್ಣೆಶಾಸ್ತ್ರದ್ದು, ಇದು ಬೀಗರ ಹಾಡು ಎಂದು ಗುರುತಿಸಿ ಹೆಸರು ಬರೆದೆವು. ಉಳಿದ ನಾಲ್ಕು ಸಿಕ್ಕಲಿಲ್ಲ. ಅವುಗಳಲ್ಲಿ ಹೆಣ್ಣೊಪ್ಪಿಸುವ ಹಾಡೂ ಒಂದು. ಅದನ್ನು ಪೂರ್ತಿಯಾಗಿ ಬಲ್ಲವರು ನಮ್ಮ ಮನೆತನದಲ್ಲಿ ಈಗ ಯಾರೂ ಇಲ್ಲ.

ತಪ್ಪು ಯಂತ್ರದ್ದೆಂದು ಹೇಳಿ ಜಾರಿಕೊಳ್ಳಲಾರೆವು. ಹಿಂದೊಮ್ಮೆ ಹಾಡು ಕೇಳಿ ಮುಗಿದ ಕೂಡಲೆ, ‘ಇಜೆಕ್ಟ್’ ಮಾಡದೆ, ಡ್ರೈವನ್ನು ಥಟ್ಟನೆ ಕಿತ್ತವರು ನಾವೇ. ಯಂತ್ರವು ಬರೆಯುತ್ತಿರುವಾಗ ಕಿತ್ತರೆ ಅನುಕ್ರಮಣಿಕೆ ಕೆಡುವ ಅಪಾಯವುಂಟು. ಅದಕ್ಕಿಂತಲೂ ದೊಡ್ಡ ತಪ್ಪೆಂದರೆ, ಇರುವ ಒಂದೇ ಪ್ರತಿಯನ್ನು ಪೆನ್ ಡ್ರೈವಿನಲ್ಲಿಟ್ಟು ಮರೆತದ್ದು. ಅದರೊಳಗಿನ ಬರಹವು ಅತಿಸೂಕ್ಷ್ಮವಾದ ವಿದ್ಯುತ್ಕಣಗಳ ರೂಪದಲ್ಲಿರುವುದು. ಬಹುವರ್ಷ ಮುಟ್ಟದೆ ಇಟ್ಟರೆ ಅವು ತಾವಾಗಿಯೇ ಸೋರಿಹೋಗಬಲ್ಲವು. ಪೆನ್ ಡ್ರೈವು ಸಾಮಾನು ಸಾಗಿಸುವ ಚೀಲವೇ ಹೊರತು ಕಣಜವಲ್ಲ.

ನಮ್ಮ ಮನೆಯಲ್ಲಿ ಈಗ ಆ 19 ಹಾಡುಗಳು ಮೂರು ಕಡೆ ಇವೆ: ಲ್ಯಾಪ್‌ಟಾಪಿನಲ್ಲಿ, ಬೇರೊಂದು ಹಾರ್ಡ್ ಡಿಸ್ಕಿನಲ್ಲಿ, ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲಿ. ನಾಲ್ಕನೆಯ ಸ್ಥಳವೂ ಒಂದುಂಟು. ಮದುವೆಯ ಹುಡುಗಿಯು ಅವುಗಳಲ್ಲಿ ಐದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದಾಳೆ. ವಾಚಕರ ಮನೆಗಳಲ್ಲಿಯೂ ಹಿರಿಯರ ಧ್ವನಿಯೋ ಚಿತ್ರವೋ ಒಂದೇ ಪೆನ್ ಡ್ರೈವಿನಲ್ಲಿದ್ದರೆ, ಈ ಸಂಚಿಕೆಯನ್ನು ಮುಚ್ಚಿಟ್ಟ ಬಳಿಕ ಮಾಡತಕ್ಕ ಮೊದಲ ಕೆಲಸವು ಅದರ ಇನ್ನೊಂದು ಪ್ರತಿಯಾಗಲಿ.