ಕಡಲಿಗೆ ಹೊರಟ ಅಣ್ಣಂದಿರೆ, ಅಲೆಯ ಲೆಕ್ಕ ಗೊತ್ತೇನು?

ಶುಕ್ರವಾರ ರಾತ್ರಿ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತು ನೋಡಿ. ಮಂಗಳೂರು ಬೋರ್ಡಿನ ಬಸ್ಸು ಬಂತೆಂದರೆ ಸಾಕು, ಕಿಟಕಿಯೊಳಗೆ ಟವೆಲ್ಲು, ಚೀಲ ಎಸೆದು ಸೀಟು ಹಿಡಿಯುವವರ ನೂಕುನುಗ್ಗಲು. ಅದರಲ್ಲಿ ಅರ್ಧ ಜನ ಧರ್ಮಸ್ಥಳ, ಸುಬ್ರಹ್ಮಣ್ಯದ ಭಕ್ತರು. ಇನ್ನರ್ಧ ಜನ? ಸಮುದ್ರದ ಭಕ್ತರು! ಮೊಣಕಾಲು ಚಡ್ಡಿ, ಕಪ್ಪು ಕನ್ನಡಕ, ಬ್ಯಾಗಿನಲ್ಲಿ ಕೋಡುಬಳೆ ಪೊಟ್ಟಣ. ಬ್ಯಾಗಿನ ತಳದಲ್ಲಿ ಇನ್ನೇನಿದೆ ಎಂಬುದನ್ನು ಕೇಳಬಾರದು, ಹೇಳಬಾರದು.

ಹೋಗಲಿ ಬಿಡಿ. ವರ್ಷವಿಡೀ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು, ದಿನಾ ನಿಂತುಕೊಂಡೇ ಬಸ್ಸಿನಲ್ಲಿ ಓಡಾಡಿದವರು ಮೂರು ದಿನ ಕಡಲ ಗಾಳಿ ಕುಡಿದು ಬಂದರೆ ಯಾರಪ್ಪನ ಗಂಟು ಹೋಯಿತು? ನಮ್ಮ ತಕರಾರು ಪ್ರವಾಸದ ಮೇಲಲ್ಲ. ಲೆಕ್ಕವಿಲ್ಲದ ಪ್ರವಾಸದ ಮೇಲೆ. ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆಗೂ ತಕ್ಕಡಿ ಹಿಡಿಯುವ ಮನುಷ್ಯ, ಹೆಂಡತಿ ಮಕ್ಕಳನ್ನು ಸಮುದ್ರಕ್ಕಿಳಿಸುವಾಗ ಯಾವ ತಕ್ಕಡಿಯನ್ನೂ ಹಿಡಿಯುವುದಿಲ್ಲವಲ್ಲ, ಅದರ ಮೇಲೆ.

ಇದನ್ನು ಬರೆಯಲು ಒಂದು ಕಾರಣವಿದೆ. ಹಿಂದೊಮ್ಮೆ ನಮ್ಮ ಬೀದಿಯ ಅಂಗಡಿಯವರೆಲ್ಲ ಸೇರಿ ವ್ಯಾನು ಮಾಡಿಕೊಂಡು ಕಡಲತೀರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಯಾವ ತೀರವೆಂದು ಹೆಸರು ಬೇಡ. ಕಿರಾಣಿ ಅಂಗಡಿ ಅಣ್ಣನವರ ಮಗ, ಹದಿನೇಳರ ಹುಡುಗ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ನಾವು ದಡದಲ್ಲಿ ಚುರುಮುರಿ ತಿನ್ನುತ್ತಿದ್ದೆವು. ಒಂದು ಅಲೆ ಬಂತು, ಹೋಯಿತು. ಹುಡುಗನ ಕಾಲ ಕೆಳಗಿನ ಮರಳೂ ಅದರ ಜೊತೆ ಹೋಯಿತು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಅವನು ಎದೆಮಟ್ಟ ನೀರಿನಲ್ಲಿದ್ದ. ಇನ್ನೊಂದು ಅಲೆಗೆ ತಲೆ ಮಾತ್ರ ಕಾಣುತ್ತಿತ್ತು. ನಮ್ಮ ಪೈಕಿ ಹನ್ನೊಂದು ಜನರಲ್ಲಿ ಒಬ್ಬನಿಗೂ ಈಜು ಬರುತ್ತಿರಲಿಲ್ಲ.

ಅಲೆ ಮೇಲೆ ಹಲಗೆ ಓಡಿಸುತ್ತಿದ್ದ ಮೊಗವೀರರ ಹುಡುಗನೊಬ್ಬ ಅಡ್ಡಡ್ಡ ಬಂದು ಅವನ ಅಂಗಿ ಹಿಡಿದು ಹಲಗೆ ಮೇಲೆ ಎಳೆದುಕೊಂಡ. ದಡಕ್ಕೆ ತಂದು ಹಾಕಿ ಒಂದೇ ಮಾತು ಹೇಳಿದ: "ಘಟ್ಟದ ಮೇಲಿನವರಾ ಮಾರಾಯ್ರೆ? ಅಲೆ ಇಲ್ಲದ ಜಾಗ ನೋಡಿ ಇಳಿದದ್ದಾ? ಅಲ್ಲಿಯೇ ಎಳೆಯುವುದು ಉಂಟಲ್ಲ!"

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಯಾಕೆಂದರೆ ನಾವು ನಿಜವಾಗಿಯೂ ಹಾಗೆಯೇ ಜಾಗ ಹುಡುಕಿದ್ದೆವು. "ಇಲ್ಲಿ ನೀರು ಸಮಾಧಾನವಾಗಿದೆ ಕಣಣ್ಣ, ಇಲ್ಲೇ ಇಳಿಯೋಣ" ಎಂದವನು ಬೇರೆ ಯಾರೂ ಅಲ್ಲ, ಈ ಬರಹಗಾರನೇ!

ಸಮಾಧಾನದ ನೀರೇ ಮೋಸ

ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಭೌತಶಾಸ್ತ್ರ ಹೇಳಿಕೊಡಲು ಬಾರದು. ಆದರೆ ಸಂಗತಿ ಸರಳ. ಅಲೆಗಳು ಒಂದರ ಮೇಲೊಂದು ನೀರನ್ನು ತಂದು ದಡದಲ್ಲಿ ಸುರಿಯುತ್ತವೆ. ಆ ನೀರು ವಾಪಸು ಹೋಗಬೇಕಲ್ಲ? ಮರಳ ದಿಣ್ಣೆಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಕಾಲುವೆಯಂತೆ ಒಟ್ಟಾಗಿ ಜೋರಾಗಿ ಸಮುದ್ರಕ್ಕೆ ಹರಿಯುತ್ತದೆ. ತಗ್ಗು ಆಳವಾದ್ದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ. ನೋಡುವವನಿಗೆ ಸಮಾಧಾನದ ಜಾಗ. ಇಳಿದವನಿಗೆ ಯಮನ ಜಾಗ.

ಅಂಥ ನೀರು ಎಳೆದರೆ ದಡದ ಕಡೆ ಮುಖ ಮಾಡಿ ಅದಕ್ಕೆ ಎದುರಾಗಿ ಈಜಬಾರದು. ಒಳ್ಳೆಯ ಈಜುಗಾರನೂ ಸೋತು ಮುಳುಗುವುದು ಹೀಗೆಯೇ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಕಾಲುವೆಯಿಂದ ಹೊರಬಂದು, ಆಮೇಲೆ ದಡ ಸೇರಬೇಕು. ಈಜು ಬಾರದಿದ್ದರೆ ಒದ್ದಾಡದೆ ಮೈ ಸಡಿಲ ಬಿಟ್ಟು ಅಂಗಾತ ತೇಲುತ್ತ ಕೈಯೆತ್ತಿ ಕೂಗಬೇಕು. ದಡದಲ್ಲಿರುವವರು ಹಿಂದುಮುಂದು ನೋಡದೆ ನೀರಿಗೆ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಕತೆ ನಮ್ಮ ಕೆರೆಗಳಲ್ಲೇ ಬೇಕಾದಷ್ಟಿವೆ. ಖಾಲಿ ನೀರಿನ ಕ್ಯಾನೋ, ಟಯರ್ ಟ್ಯೂಬೋ, ತೇಲುವಂಥದ್ದು ಏನಾದರೂ ಎಸೆಯಿರಿ. ಕಾವಲುಗಾರನನ್ನು ಕೂಗಿ.

ಇದಿಷ್ಟು ಗೊತ್ತಿಲ್ಲದೆ ಎಷ್ಟು ಮನೆ ಹಾಳಾಯಿತು! 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಆಮೇಲೆ ಕೆಲ ದಿನ ತೀರವನ್ನೇ ಮುಚ್ಚಿದರು. ಕೋಲಾರಕ್ಕೆ ಬಂದದ್ದು ಹಾಸನಕ್ಕೆ ಬರುವುದಿಲ್ಲ ಎಂದು ಬರೆದುಕೊಟ್ಟವರು ಯಾರು?

ಹೋಗುವುದಾದರೆ ಹೀಗೆ ಹೋಗಿ

ಹಾಗಂತ ಮನೆಯಲ್ಲೇ ಕೂರಿ ಎನ್ನುವುದಿಲ್ಲ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಅರ್ಧ ದಿನದೊಳಗೆ ಕಡಲು. ರೈಲಿನ ಆಸೆಯಿದ್ದವರಿಗೆ ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ ಘಟ್ಟದ ಹಾದಿ ಇದೆ. ಈ ಮಾರ್ಗದ ಹಗಲು ರೈಲಿಗೆ 2021ರ ಜುಲೈಯಲ್ಲಿ ಗಾಜಿನ ಚಾವಣಿಯ ಬೋಗಿ ಜೋಡಿಸಿದ್ದು ಎಲ್ಲರಿಗೂ ನೆನಪಿದೆ. ಸುರಂಗ, ಸೇತುವೆ, ಜಲಪಾತ ನೋಡಿದ ಮಕ್ಕಳು ಸಮುದ್ರವನ್ನೇ ಮರೆತಾರು.

ಕಾಲ ಮಾತ್ರ ನೋಡಿಕೊಳ್ಳಿ. ಮಳೆಗಾಲದಲ್ಲಿ ಘಾಟಿಯನ್ನೂ ನಂಬಬೇಡಿ, ಕಡಲನ್ನೂ ನಂಬಬೇಡಿ. 2024ರ ಜುಲೈಯಲ್ಲಿ ಸಕಲೇಶಪುರದ ಆಚೆ ಗುಡ್ಡ ಕುಸಿದು ರಸ್ತೆಯೂ ನಿಂತಿತು, ರೈಲೂ ನಿಂತಿತು. ಇನ್ನು ಕಡಲು? ಹುಟ್ಟಿದಾಗಿನಿಂದ ಉಪ್ಪುನೀರು ಕುಡಿದ ಮೀನುಗಾರರೇ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳನ್ನು ದಡದಲ್ಲಿ ಕಟ್ಟಿಹಾಕುತ್ತಾರೆ. ಮೀನು ಮರಿಮಾಡುವ ಕಾಲವೆಂದು ಸರ್ಕಾರದ ನಿಷೇಧವೂ ಹೌದು, ಕಡಲು ಹುಚ್ಚೆದ್ದ ಕಾಲವೂ ಹೌದು. ಅವರೇ ಇಳಿಯದ ನೀರಿಗೆ ನಾವು ಇಳಿಯುವುದೇ? ಅಕ್ಟೋಬರ್ ಕಳೆದ ಮೇಲೆ ಹೋಗಿ.

ಮನೆಯ ಹೆಂಗಸರಿಗೆ ಒಂದು ಕಿವಿಮಾತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಬಿಟ್ಟಿ ಟಿಕೇಟು ನಡೆಯುವುದು ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ. ಮಂಗಳೂರು-ಉಡುಪಿ ನಡುವೆ ಓಡಾಡುವುದು ಬಹುಪಾಲು ಖಾಸಗಿ ಬಸ್ಸುಗಳು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಕ್ಕುಬಿಡುತ್ತಾನೆ. ಚಿಲ್ಲರೆ ಇಟ್ಟುಕೊಳ್ಳಿ.

ಮೊದಲ ದಿನ ಮಂಗಳೂರು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ನೋಡಿ. ಸಂತ ಅಲೋಶಿಯಸ್ ಕಾಲೇಜಿನ ಇಗರ್ಜಿಯಲ್ಲಿ ಇಟಲಿಯ ಮೊಸ್ಕೇನಿ ಎಂಬ ಜೆಸುಯಿಟ್ ಬ್ರದರ್ ಗೋಡೆ, ಚಾವಣಿ ತುಂಬ ಬರೆದ ಚಿತ್ರಗಳಿವೆ. ಎರಡನೆಯ ದಿನ ಮುಲ್ಕಿ, ಪಡುಬಿದ್ರಿ, ಕಾಪು. ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಮೂರನೆಯ ದಿನ ಉಡುಪಿ ಕೃಷ್ಣ, ಮಲ್ಪೆ ಬಂದರು, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಲಾವಾರಸ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಕಲ್ಲುಗಳನ್ನು ಅಲ್ಲಿ ನೋಡಬೇಕು. ಮಳೆಗಾಲದಲ್ಲಿ ಆ ದೋಣಿಯೂ ಬಂದ್. ಸಮಯ ಉಳಿದರೆ ಕಾರ್ಕಳಕ್ಕೆ ಹೋಗಿ. 1432ರಲ್ಲಿ ನಿಂತ ಅಲ್ಲಿನ ಬಾಹುಬಲಿ 42 ಅಡಿ. ನಮ್ಮ ಬೆಳಗೊಳದ ಅಣ್ಣ 58 ಅಡಿ. ತಮ್ಮನನ್ನೂ ಮಾತಾಡಿಸಿ ಬಂದ ಹಾಗಾಯಿತು.

ಊಟದ ಮಾತು ಹೇಳಬೇಕಾಗಿಲ್ಲ. ನೀರುದೋಸೆ, ಗೋಳಿಬಜೆ, ಬನ್ಸು. ಮೀನು ತಿನ್ನುವವರಿಗೆ ಬಂಗುಡೆ, ಕಾಣೆ. ಕೊನೆಗೆ ಗಡ್‌ಬಡ್ ಐಸ್‌ಕ್ರೀಂ.

ಹಲಗೆ ಮೇಲೆ ನಿಲ್ಲುವ ಆಸೆ

ಈಚೆಗೆ ನಮ್ಮ ಹುಡುಗರಿಗೆ ಸರ್ಫಿಂಗ್ ಹುಚ್ಚು. ಬೇಡವೆನ್ನಬೇಡಿ, ಬೈಕ್ ವೀಲಿಂಗಿಗಿಂತ ಎಷ್ಟೋ ಮೇಲು. ಇದಕ್ಕೆ ದೂರದ ಆಸ್ಟ್ರೇಲಿಯಾಕ್ಕೆ ಹೋಗಬೇಕಿಲ್ಲ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಎಂಬ ಕೃಷ್ಣಭಕ್ತರು 2004ರಲ್ಲೇ ಮುಲ್ಕಿಯಲ್ಲಿ ಸರ್ಫಿಂಗ್ ಕ್ಲಬ್ಬು ಕಟ್ಟಿದರು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದರು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಪಂದ್ಯ ನಡೆಯಿತು. ಟೋಕಿಯೋದಲ್ಲಿ 2021ರಲ್ಲಿ ಈ ಆಟ ಒಲಿಂಪಿಕ್ಸಿಗೂ ಸೇರಿತು.

ಕಲಿಯುವವನು ಮೊದಲು ಮರಳಿನ ಮೇಲೆ ಹಲಗೆ ಹಾಕಿಕೊಂಡು ಬೋರಲು ಮಲಗಿ ಎದ್ದು ನಿಲ್ಲುವ ಅಭ್ಯಾಸ ಮಾಡಬೇಕು. ಆಮೇಲೆ ಸೊಂಟದ ಮಟ್ಟದ ನೊರೆನೀರು. ಕಾಲಿಗೆ ಹಲಗೆಯ ಹಗ್ಗ ಕಟ್ಟಿರಲೇಬೇಕು. ಹಲಗೆ, ಕಲಿಸುವವರು, ಜೀವರಕ್ಷಕ ಜಾಕೆಟ್ಟು ಎಲ್ಲ ಸೇರಿ ಎಷ್ಟು ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಈಜು ಬಾರದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಮರ್ಯಾದೆ ಹೋಗುವುದು ದೊಡ್ಡದಲ್ಲ, ಪ್ರಾಣ ಹೋಗುವುದು ದೊಡ್ಡದು.

ಸುಮ್ಮನೆ ನೀರಾಡುವವರು ಕಾವಲುಗಾರರಿರುವ ತೀರಕ್ಕೇ ಹೋಗಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಶುಚಿ, ಶೌಚಾಲಯ, ಜೀವರಕ್ಷಕರು ಇದ್ದರೇನೇ ಆ ಬಾವುಟ. ಎಲ್ಲಿಯೇ ಆಗಲಿ, ಕೆಂಪು ಹಳದಿ ಬಾವುಟಗಳ ನಡುವೆ ಇಳಿಯಿರಿ. ಬರಿಯ ಕೆಂಪು ಬಾವುಟವಿದ್ದರೆ ಚುರುಮುರಿ ತಿಂದು ವಾಪಸು ಬನ್ನಿ.

ಇನ್ನು 'ವೈನ್ಸ್' ವಿಚಾರ

ಓದುಗರೊಬ್ಬರು ಕೇಳಿದರು: "ಸಾರ್, ಫಾರಿನ್ನಿನಲ್ಲಿ ಸಮುದ್ರದ ಪಕ್ಕದಲ್ಲೇ ದ್ರಾಕ್ಷಿತೋಟ, ವೈನು ತಯಾರಿಸೋದು ತೋರಿಸ್ತಾರಂತೆ. ನಮ್ಮ ಕರಾವಳೀಲಿ ಇಲ್ವಾ?"

ಇಲ್ಲ ಸ್ವಾಮಿ. ದ್ರಾಕ್ಷಿಗೆ ಒಣ ಹವೆ ಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಮಂಗಳೂರಿನಲ್ಲಿ ಬಳ್ಳಿ ಕೊಳೆತು ಹೋಗುತ್ತದೆ. ನಮ್ಮ ನಾಡಿನ ದ್ರಾಕ್ಷಿಸೀಮೆ ಇರುವುದು ಬಯಲಿನಲ್ಲಿ: ನಂದಿಬೆಟ್ಟದ ಸುತ್ತ, ವಿಜಯಪುರ, ಬಾಗಲಕೋಟೆ ಕಡೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೂ ತಂದಿತು. ದೊಡ್ಡಬಳ್ಳಾಪುರದ ಹತ್ತಿರ ದುಡ್ಡು ಕೊಟ್ಟರೆ ತೋಟ ತೋರಿಸಿ, ಪೀಪಾಯಿ ತೋರಿಸಿ, ರುಚಿಯನ್ನೂ ತೋರಿಸುವವರಿದ್ದಾರೆ. ಅದು ಹಾಸನದಿಂದ ಪೂರ್ವಕ್ಕೆ, ಕಡಲು ಪಶ್ಚಿಮಕ್ಕೆ. ಎರಡೂ ಒಂದೇ ಪ್ರವಾಸದಲ್ಲಿ ಆಗುವ ಮಾತಲ್ಲ. ಆಗದಿರುವುದೇ ಒಳ್ಳೆಯದು!

ಯಾಕೆಂದರೆ ನಮ್ಮವರ ಕಷ್ಟ ದ್ರಾಕ್ಷಿಯದಲ್ಲ. ನಮ್ಮೂರಿನ 'ವೈನ್ಸ್' ಬೋರ್ಡಿನ ಅಂಗಡಿಯಲ್ಲಿ ದ್ರಾಕ್ಷಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಅದು ಬ್ಯಾಗಿನ ತಳದಲ್ಲಿ ಕೂತು ಶಿರಾಡಿ ಇಳಿಯುತ್ತದೆ. ಕುಡಿದವನಿಗೆ ಕಡಲು ಕೆರೆಯಂತೆ ಕಾಣುತ್ತದೆ, ಬಾವುಟ ತೋರಣದಂತೆ ಕಾಣುತ್ತದೆ, ಕಾವಲುಗಾರನ ಸೀಟಿ ಜಾತ್ರೆ ಪೀಪಿಯಂತೆ ಕೇಳುತ್ತದೆ. ಕುಡಿಯುವವರು ರೂಮಿನಲ್ಲಿ ಕುಡಿಯಿರಿ, ಮಲಗಿ. ಆ ದಿನ ನೀರಿನ ಹತ್ತಿರ ಸುಳಿಯಬೇಡಿ.

ಆಗಬೇಕಾದ್ದೇನು?

ಜನಕ್ಕೆ ಬುದ್ಧಿ ಹೇಳಿ ಅಧಿಕಾರಿಗಳನ್ನು ಬಿಟ್ಟರೆ ಈ ಅಂಕಣಕ್ಕೆ ಅರ್ಥವಿಲ್ಲ. ನಮ್ಮ ಕೇಳಿಕೆ ದೊಡ್ಡದೇನಲ್ಲ.

ಒಂದು: ಮಂಗಳೂರು ಬಸ್ಸು ನಿಲ್ಲುವ ಕಡೆ ಒಂದು ಕಪ್ಪುಹಲಗೆ ಹಾಕಿ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. 'ಇಂದು ಕಡಲು ಒರಟು, ನೀರಿಗೆ ಇಳಿಯಬೇಡಿ' ಎಂದು ಸೀಮೆಸುಣ್ಣದಲ್ಲಿ ಬರೆಯಲು ಯಾವ ಟೆಂಡರೂ ಬೇಡ.

ಎರಡು: ಶಾಲಾ ಪ್ರವಾಸಕ್ಕೆ ಅನುಮತಿ ಕೊಡುವಾಗ ಬಸ್ಸಿನ ಫಿಟ್‌ನೆಸ್ ಕೇಳಿದರೆ ಸಾಲದು. ಯಾವ ತೀರ, ಅಲ್ಲಿ ಕಾವಲಿದೆಯೇ, ಜೊತೆಗೆ ಹೋಗುವ ಮೇಷ್ಟ್ರುಗಳಲ್ಲಿ ಈಜು ಬರುವವರು ಎಷ್ಟು ಜನ, ಅದನ್ನೂ ಬರೆಸಿಕೊಳ್ಳಿ.

ಮೂರು: ತಾಲ್ಲೂಕಿಗೊಂದು ಕಡೆ ಮಕ್ಕಳಿಗೆ ಈಜು ಕಲಿಸುವ ವ್ಯವಸ್ಥೆ ಮಾಡಿ. ಹೇಮಾವತಿ, ಯಗಚಿ, ಊರಿಗೊಂದು ಕೆರೆ ಇರುವ ಜಿಲ್ಲೆ ನಮ್ಮದು. ಇಷ್ಟು ನೀರಿದ್ದೂ ಮಕ್ಕಳಿಗೆ ಈಜು ಬಾರದೆಂದರೆ ನಾಚಿಕೆಯಾಗಬೇಕಾದ್ದು ದೊಡ್ಡವರಿಗೆ.

ಅಂದು ಉಳಿದು ಬಂದ ಹುಡುಗ ಇವತ್ತು ಅಪ್ಪನ ಅಂಗಡಿಯಲ್ಲಿ ತಕ್ಕಡಿ ಹಿಡಿದಿದ್ದಾನೆ. ಬೀದಿಯವರು ಪ್ರವಾಸದ ಮಾತೆತ್ತಿದರೆ ಅವನು ಕೇಳುವುದು ಒಂದೇ ಪ್ರಶ್ನೆ: "ಈಜು ಬರೋರು ಎಷ್ಟು ಜನ ಇದೀರಿ?"

ಈ ಸಲ ವ್ಯಾನಿನ ಮುಂಗಡ ಕೊಡುವ ಮುಂಚೆ ನೀವೂ ಅದನ್ನೇ ಕೇಳಿ. ಉತ್ತರ ಸೊನ್ನೆಯಾದರೆ ದಡದಲ್ಲೇ ಕೂತು ಸೂರ್ಯ ಮುಳುಗುವುದನ್ನು ನೋಡಿ ಬನ್ನಿ. ಮುಳುಗುವ ಕೆಲಸ ಅವನೊಬ್ಬನಿಗೇ ಇರಲಿ. ಅವನಾದರೆ ಬೆಳಿಗ್ಗೆ ಮತ್ತೆ ಎದ್ದು ಬರುತ್ತಾನೆ.