ಹೊಣೆ ಹೊರದ ಸಂಸ್ಥೆಗಳು

ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಚೀನಾಕ್ಕೆ ತೆರಳಿದ್ದು ಏಕಾಂಗಿಯಾಗಿ ಅಲ್ಲ. ಐವರು ವೈದ್ಯರ ಆ ನಿಯೋಗವನ್ನು ಆಯ್ದು, ಅದರ ಹೊಣೆ ಹೊತ್ತು ಕಳುಹಿಸಿದ್ದು ಅಂದಿನ ಕಾಂಗ್ರೆಸ್ಸು. ತನ್ನದೇ ಸರಕಾರವಿಲ್ಲದ ದೇಶವೊಂದು ಪರದೇಶದ ಜನಸೇವೆಗೆ ತನ್ನ ತರುಣರನ್ನು ಜೋಡಿಸುವ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತು. 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿಗೆ, ಕೋಟ್ನೀಸರು ಅಲ್ಲಿಯೇ ತೀರಿಕೊಂಡರು. ಅವರ ಸ್ಮಾರಕ ಇಂದು ಸೊಲ್ಲಾಪುರದಲ್ಲಿದೆ. ಅವರನ್ನು ಕಳುಹಿಸಿದಂಥ ವ್ಯವಸ್ಥೆ ಮಾತ್ರ ಇಲ್ಲ.

ಅದೇ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕ ರಣಜಿತಸಿಂಹ ಡಿಸಲೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದು, ಅದರ ಅರ್ಧ ಮೊತ್ತವನ್ನು ಅಂತಿಮ ಸುತ್ತಿನ ಇತರ ಒಂಬತ್ತು ಮಂದಿಗೆ ಹಂಚಿದ್ದು ಲೋಕಕ್ಕೆ ತಿಳಿದಿದೆ. ಮುಂದೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ದೊರೆತಾಗ, 2022ರ ಜನವರಿಯಲ್ಲಿ, ಅವರ ರಜೆಯ ಅರ್ಜಿ ಜಿಲ್ಲಾ ಪರಿಷತ್ತಿನ ಶಿಕ್ಷಣ ವಿಭಾಗದಲ್ಲಿ ವಿವಾದವಾಯಿತು. ಅವರ ಹಾಜರಾತಿಯ ಬಗ್ಗೆ ವಿಭಾಗಕ್ಕೂ ತನ್ನದೇ ಆಕ್ಷೇಪಗಳಿದ್ದವು, ಅವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಒಬ್ಬ ಶಿಕ್ಷಕನ ರಜೆಯನ್ನು ಇತ್ಯರ್ಥಪಡಿಸಲು ಮಹಾರಾಷ್ಟ್ರದ ಸಚಿವರೇ ಮಧ್ಯೆ ಬರಬೇಕಾಯಿತೆಂದರೆ, ಅಂಥ ಅರ್ಜಿಗೆ ಕಚೇರಿಯಲ್ಲಿ ಸ್ಪಷ್ಟವಾದ ಮಾರ್ಗವಿರಲಿಲ್ಲವೆಂದೇ ತಿಳಿಯಬೇಕಾಗುತ್ತದೆ. ವಿಶ್ವವಿಖ್ಯಾತರಿಗೇ ಇದು ಗತಿಯಾದರೆ, ಅದೇ ಜಿಲ್ಲೆಯ ಗಡಿತಾಲ್ಲೂಕು ಅಕ್ಕಲಕೋಟೆಯ ಕಾಲೇಜಿನಲ್ಲಿ ಸಾರ್ವಜನಿಕ ಆಡಳಿತ ಓದುವ ಹುಡುಗಿ ಹೊರದೇಶದ ಅನುಭವಕ್ಕಾಗಿ ಯಾರ ಬಾಗಿಲು ತಟ್ಟಬೇಕು?

ಅವಳಲ್ಲಿ ಯೋಗ್ಯತೆಯ ಕೊರತೆಯಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು ಬಳಸುವ ಈ ಸೀಮೆಯ ಮಕ್ಕಳು ಆಡಳಿತದ ಭಾಷೆಗೂ ಜನರ ಭಾಷೆಗೂ ನಡುವಿನ ಅಂತರವನ್ನು ದಿನವೂ ದಾಟುತ್ತಾರೆ. ನೀರಿನ ಆಡಳಿತದ ಪಾಠವೂ ಅವರ ಕಣ್ಣೆದುರೇ ಇದೆ. ಕುರನೂರಿನಲ್ಲಿ ಬೋರಿ ನದಿಗೆ ಕಟ್ಟಿದ ಜಲಾಶಯ ಅಕ್ಕಲಕೋಟೆ ಪಟ್ಟಣದ ದಾಹ ತಣಿಸುತ್ತದೆ. ಬೋರಿ ಭೀಮೆಯನ್ನು ಸೇರುತ್ತದೆ, ಭೀಮೆ ಕರ್ನಾಟಕಕ್ಕೆ ಹರಿಯುತ್ತದೆ. ಮೇಲಿನ ಊರು, ಕೆಳಗಿನ ಊರು, ಪಟ್ಟಣ, ಹೊಲ, ಎರಡು ರಾಜ್ಯ, ಜಲವಿವಾದದ ನ್ಯಾಯಾಧಿಕರಣ: ಗಡಿ ದಾಟುವ ನೀರನ್ನು ಆಳುವ ವಿದ್ಯೆಗೆ ಇದಕ್ಕಿಂತ ಸಮೃದ್ಧವಾದ ಪಾಠಶಾಲೆ ಸುಲಭವಾಗಿ ಸಿಗದು. ನೈಲ್ ಅಥವಾ ಮೆಕಾಂಗ್ ತೀರದ ಯೋಜನೆಗಳಿಗೆ ಇಂಥ ಅನುಭವವೇ ಬೇಕಾದದ್ದು.

ಬಾಗಿಲುಗಳು ಇಲ್ಲವೆಂದೂ ಹೇಳುವಂತಿಲ್ಲ. 1970ರಲ್ಲಿ ರೂಪುಗೊಂಡ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯಲ್ಲಿ, ಹದಿನೆಂಟು ತುಂಬಿದವರು ಊರಿನಲ್ಲಿದ್ದುಕೊಂಡೇ ಅಂತರ್ಜಾಲದ ಮೂಲಕ ಸೇವೆ ಸಲ್ಲಿಸಬಹುದು. ಅದನ್ನು ತರಗತಿಯಲ್ಲಿ ತಿಳಿಸಿ, ಅರ್ಜಿ ತುಂಬಿಸಿ, ಮಾಡಿದ ಕೆಲಸಕ್ಕೆ ಅಂಕ ನೀಡಲು ಹಣವೇನೂ ಬೇಕಿಲ್ಲ, ಕರ್ತವ್ಯಪ್ರಜ್ಞೆ ಬೇಕು. ಇತ್ತ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳು, ವಿದೇಶಿ ಸಂಸ್ಥೆಗಳೊಡನೆ ಜಂಟಿ ಪದವಿ ನಡೆಸುವ ಅವಕಾಶವನ್ನು ನ್ಯಾಕ್ ಮೌಲ್ಯಮಾಪನದಲ್ಲಿ ಕನಿಷ್ಠ 3.01 ಅಂಕ ಗಳಿಸಿದ ಅಥವಾ ರಾಷ್ಟ್ರೀಯ ಶ್ರೇಯಾಂಕದ ಮೊದಲ ಸಾಲಿನಲ್ಲಿರುವ ಸಂಸ್ಥೆಗಳಿಗೆ ಮುಡಿಪಾಗಿಟ್ಟಿವೆ. ಗುಣಮಟ್ಟ ಕಾಯುವ ಉದ್ದೇಶ ಸಾಧುವಾದದ್ದೇ. ಆದರೆ ಹಿಂದುಳಿದ ಕಾಲೇಜು ಹಿಂದುಳಿದಿದೆಯೆಂಬ ಕಾರಣಕ್ಕೇ ಲೋಕದಿಂದ ದೂರ ಉಳಿಯಬೇಕಾಗುವುದು ಅದರ ಫಲ.

ಸಂಸ್ಥೆಗಳ ಈ ಉದಾಸೀನದ ಬೆಲೆಯನ್ನು ವಿದ್ಯಾರ್ಥಿಗಳಷ್ಟೇ ತೆರುವುದಿಲ್ಲ. 2022ರ ಕೊನೆಯಲ್ಲಿ ಅಕ್ಕಲಕೋಟೆ ತಾಲ್ಲೂಕಿನ ಕೆಲವು ಗ್ರಾಮಗಳು ರಸ್ತೆ, ನೀರುಗಳ ಅಭಾವವನ್ನು ಮುಂದಿಟ್ಟು ಕರ್ನಾಟಕ ಸೇರುವ ನಿರ್ಣಯ ಕೈಗೊಂಡವು. ಎರಡೂ ರಾಜಧಾನಿಗಳು ಅದನ್ನು ಗಡಿವಿವಾದದ ಕಡತಕ್ಕೆ ಸೇರಿಸಿಕೊಂಡು ನಿಶ್ಚಿಂತವಾದವು. ಅದು ಮೂಲತಃ ಆಡಳಿತದ ವೈಫಲ್ಯದ ಮೇಲಿನ ದೂರಾಗಿತ್ತು. ಅದಕ್ಕೆ ಉತ್ತರ ಕೊಡಬಲ್ಲವರು, ಹೊರಗಿನ ಅನುಭವ ಪಡೆದು ಇದೇ ತಾಲ್ಲೂಕು ಕಚೇರಿಗಳಿಗೆ ಮರಳುವ ಇಲ್ಲಿಯ ಮಕ್ಕಳು.

ಹೊಣೆ ಯಾರದೆಂಬುದರಲ್ಲಿ ಸಂದೇಹವಿಲ್ಲ. 2004ರಲ್ಲಿ ಒಂದೇ ಜಿಲ್ಲೆಗೆಂದು ಸ್ಥಾಪನೆಯಾದ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ ಜಿಲ್ಲೆ ವಿಶಾಲವಾಯಿತೆಂದು ಹೇಳುವ ಅವಕಾಶವಿಲ್ಲ. ಗಡಿಯ ಆಚೆ, ಕರ್ನಾಟಕದ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅಕ್ಕಲಕೋಟೆ ನೆರೆಮನೆಯೇ. ಈ ಎರಡೂ ಸಂಸ್ಥೆಗಳು ಕೂಡಿ ಬೋರಿ ಕಣಿವೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಅಧ್ಯಯನ ಕೇಂದ್ರ ತೆರೆಯಲು ಗಡಿವಿವಾದದ ಯಾವ ತೀರ್ಪಿಗೂ ಕಾಯಬೇಕಿಲ್ಲ. ಜಿಲ್ಲಾ ಪರಿಷತ್ತು, ಹೊರದೇಶದ ಸೇವೆಗೆ ಆಯ್ಕೆಯಾದವರ ರಜೆಗೆ ಕಾಲಮಿತಿಯುಳ್ಳ ಲಿಖಿತ ನಿಯಮವನ್ನು ಮುಂದಿನ ಶೈಕ್ಷಣಿಕ ವರ್ಷದ ಮೊದಲೇ ಪ್ರಕಟಿಸಬೇಕು.